ಓದುಗರ ಪ್ರಶ್ನೆ, ನಮ್ಮ ಉತ್ತರ: ಮೂರು ಸೋಡಾ, ನಾಲ್ಕು ಜನ

ಪ್ರಶ್ನೆ: ಬಹಳ ಹಿಂದೆ ಕಪ್ಪು-ಬಿಳುಪಿನ ಒಂದು ಅಮೆರಿಕನ್ ಕಿರುಚಿತ್ರವನ್ನು ನೋಡಿದ್ದೆ. ನೌಕಾಪಡೆಯ ಸಮವಸ್ತ್ರ ತೊಟ್ಟ ಒಬ್ಬ ದಪ್ಪನೆಯ ಮನುಷ್ಯ ಮತ್ತು ಒಬ್ಬ ತೆಳ್ಳನೆಯ ಮನುಷ್ಯ, ಇಬ್ಬರು ಯುವತಿಯರನ್ನು ತಂಪು ಪಾನೀಯದ ಅಂಗಡಿಗೆ ಕರೆದೊಯ್ಯುತ್ತಾರೆ. ಅಲ್ಲಿ ತೆಳ್ಳನೆಯವನು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾನೆ. ಅದು ಮೂಕಿ ಚಿತ್ರವೆಂದು ನನ್ನ ಗೆಳೆಯರು ವಾದಿಸುತ್ತಾರೆ. ನನಗಾದರೋ ಮಾತು ಕೇಳಿದ ನೆನಪಿದೆ. ಯಾರು ಸರಿ?

ಉತ್ತರ: ತಮ್ಮ ನೆನಪೇ ಸರಿ. ಆ ಚಿತ್ರದ ಹೆಸರು ‘ಮೆನ್ ಓ ವಾರ್’. ಹ್ಯಾಲ್ ರೋಚ್ ಅವರ ಸ್ಟುಡಿಯೋದಲ್ಲಿ ತಯಾರಾಗಿ, ಮೆಟ್ರೋ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಯ ಮೂಲಕ 1929ರ ಜೂನ್ ತಿಂಗಳ ಕೊನೆಯಲ್ಲಿ ಬಿಡುಗಡೆಯಾದ ಎರಡು ರೀಲುಗಳ, ಸುಮಾರು 20 ನಿಮಿಷಗಳ ವಾಕ್ಚಿತ್ರ ಅದು. ತೆಳ್ಳನೆಯವರು ಸ್ಟ್ಯಾನ್ ಲಾರೆಲ್, ದಪ್ಪನೆಯವರು ಆಲಿವರ್ ಹಾರ್ಡಿ. ಅಂಗಡಿಯ ಕಟಕಟೆಯ ಹಿಂದೆ ಹುಬ್ಬು ಗಂಟಿಕ್ಕಿ ನಿಂತಿರುವ ಮೀಸೆಯವರು ಜೇಮ್ಸ್ ಫಿನ್ಲೇಸನ್. ನಿರ್ದೇಶಕ ಲೂಯಿಸ್ ಆರ್. ಫಾಸ್ಟರ್, ಮುಂದೆ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ ಚಿತ್ರದ ಮೂಲಕಥೆಗಾಗಿ ಆಸ್ಕರ್ ಪಡೆದವರು. ‘ಮ್ಯಾನ್ ಆಫ್ ವಾರ್’ ಎಂಬುದು ಇಂಗ್ಲಿಷಿನಲ್ಲಿ ಯುದ್ಧನೌಕೆಗಿದ್ದ ಹಳೆಯ ಹೆಸರು. ಆ ಘನವಾದ ಹೆಸರನ್ನು ಈ ಇಬ್ಬರ ತಲೆಗೆ ಕಟ್ಟಿರುವುದೇ ಚಿತ್ರದ ಮೊದಲ ತಮಾಷೆ.

ಗೆಳೆಯರ ಗೊಂದಲಕ್ಕೂ ಕಾರಣವಿಲ್ಲದಿಲ್ಲ. ಇದಕ್ಕೆ ಕೆಲವೇ ತಿಂಗಳ ಮೊದಲು, ಅಂದರೆ 1928ರ ನವೆಂಬರಿನಲ್ಲಿ, ಇದೇ ಜೋಡಿ ಇದೇ ಬಗೆಯ ನಾವಿಕರ ಉಡುಪಿನಲ್ಲಿ, ಬೇರೆ ಇಬ್ಬರು ಯುವತಿಯರೊಡನೆ ಕಾಣಿಸಿಕೊಂಡ ‘ಟೂ ಟಾರ್ಸ್’ ಎಂಬ ಮೂಕಿ ಚಿತ್ರ ಬಂದಿತ್ತು. ಅದರಲ್ಲಿ ಸೋಡಾ ಅಂಗಡಿಯ ಪ್ರಸಂಗವಿಲ್ಲ. ರಸ್ತೆಯಲ್ಲಿ ಸಾಲುಗಟ್ಟಿ ನಿಂತ ಕಾರುಗಳನ್ನು ಅವುಗಳ ಮಾಲೀಕರೂ ಈ ನಾವಿಕರೂ ಸರದಿಯಂತೆ ಬಿಚ್ಚಿ, ಮುರಿದು, ಗುಜರಿಗೆ ಹಾಕುವಂತೆ ಮಾಡುವುದೇ ಅದರ ಹೂರಣ.

ಸೋಡಾದ ಪ್ರಸಂಗವನ್ನು ತಾವು ಕೇಳಿರುವುದರಿಂದ ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಬ್ಬರ ಜೇಬನ್ನೂ ಜಾಲಾಡಿದರೆ ಸಿಗುವುದು 15 ಸೆಂಟು. ಸೋಡಾ ಒಂದಕ್ಕೆ 5 ಸೆಂಟಿನಂತೆ ಮೂರು ಮಾತ್ರ ಬರುತ್ತವೆ, ಕುಡಿಯುವ ಬಾಯಿಗಳು ನಾಲ್ಕು. ಆಲಿ, ಅಂದರೆ ಹಾರ್ಡಿಯವರ ಪಾತ್ರ, ತನ್ನ ಗೆಳೆಯನನ್ನು ಪಕ್ಕಕ್ಕೆ ಕರೆದು, ‘ನಾನು ನಿನ್ನನ್ನು ಕೇಳುತ್ತೇನೆ, ನೀನು ಬೇಡ ಎನ್ನಬೇಕು’ ಎಂಬ ಅರ್ಥದಲ್ಲಿ ತಿಳಿಹೇಳುತ್ತಾನೆ. ಸ್ಟ್ಯಾನ್ ತಲೆಯಾಡಿಸುತ್ತಾನೆ. ಆಲಿ ಬಂದು ಯುವತಿಯರನ್ನು ಕೇಳುತ್ತಾನೆ, ತನ್ನದನ್ನೂ ಹೇಳುತ್ತಾನೆ, ಕೊನೆಗೆ ಅತ್ಯಂತ ಸೌಜನ್ಯದಿಂದ ಸ್ಟ್ಯಾನ್‌ನತ್ತ ತಿರುಗುತ್ತಾನೆ. ಸ್ಟ್ಯಾನ್ ಅಷ್ಟೇ ಸೌಜನ್ಯದಿಂದ ತನಗೂ ಸೋಡಾ ಬೇಕೆನ್ನುತ್ತಾನೆ. ಮತ್ತೆ ಪಕ್ಕಕ್ಕೆ ಕರೆಯುವುದು, ಮತ್ತೆ ತಿಳಿಹೇಳುವುದು, ಮತ್ತೆ ಅದೇ.

ಈ ಹಾಸ್ಯವನ್ನು ಸ್ಟ್ಯಾನ್‌ನ ದಡ್ಡತನಕ್ಕೆ ಮಾತ್ರ ಕಟ್ಟಿಬಿಡುವುದು ವಾಡಿಕೆ. ನನಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ. ಇಲ್ಲಿ ಎಡವಟ್ಟಿನ ಬೀಜವಿರುವುದು ಆಲಿಯ ಮರ್ಯಾದೆಯಲ್ಲಿ. ಅವನು ಸ್ಟ್ಯಾನ್‌ನನ್ನು ಕೇಳದೆಯೇ ಮೂರು ಸೋಡಾ ತರಿಸಿದ್ದರೆ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಗಳೆಯರ ಎದುರಿನಲ್ಲಿ ಜೊತೆಗಾರನನ್ನು ಕೇಳದೆ ಬಿಡುವುದುಂಟೆ? ಕೇಳಬೇಕು, ಕೇಳಿಸಿಕೊಂಡವನು ಒಲ್ಲೆ ಎನ್ನಬೇಕು. ಉಪಚಾರದ ಮಾತಿನ ಒಳನಿಯಮವೇ ಅದು. ಉಪಚಾರಕ್ಕೆ ಕೇಳಿದ ಮಾತನ್ನು ನಿಜವಾದ ಆಹ್ವಾನವೆಂದು ನಂಬಿಬಿಡುವ ಅತಿಥಿಯೊಬ್ಬನಿದ್ದರೆ ಏನಾದೀತೋ ಅದು ಇಲ್ಲಿ ಆಗುತ್ತದೆ. ಕೊನೆಗೆ ಇಬ್ಬರೂ ಒಂದೇ ಲೋಟವನ್ನು ಹಂಚಿಕೊಳ್ಳುವುದೆಂದು ತೀರ್ಮಾನವಾಗುತ್ತದೆ. ಮೊದಲ ಸರದಿ ಪಡೆದ ಸ್ಟ್ಯಾನ್ ತಳ ಕಾಣುವವರೆಗೂ ಹೀರಿ, ಅಳುಮೋರೆ ಹಾಕಿಕೊಂಡು, ತನ್ನ ಪಾಲಿನ ಅರ್ಧ ಲೋಟದ ತಳದಲ್ಲಿತ್ತು ಎಂದು ವಿವರಣೆ ಕೊಡುತ್ತಾನೆ. ತರ್ಕಕ್ಕೆ ತಪ್ಪಿಲ್ಲ.

ಇಷ್ಟಾದ ಮೇಲೆ ಬರುವ ಬಿಲ್ಲು, ಅವರ ಲೆಕ್ಕವನ್ನು ಮೀರಿ, ಕೈಯಲ್ಲಿರುವ ಹಣಕ್ಕಿಂತ ಹೆಚ್ಚಿನದು. ಆಲಿ ಅದನ್ನು ದೊಡ್ಡಸ್ತಿಕೆಯಿಂದ ಸ್ಟ್ಯಾನ್‌ನ ಕೈಗೆ ದಾಟಿಸಿ ಹೊರನಡೆಯುತ್ತಾನೆ. ದಿಕ್ಕು ತೋಚದ ಸ್ಟ್ಯಾನ್ ನಾಣ್ಯವೊಂದನ್ನು ಅಲ್ಲಿದ್ದ ಜೂಜಿನ ಯಂತ್ರಕ್ಕೆ ಹಾಕಿ ದೊಡ್ಡ ಬಹುಮಾನವನ್ನೇ ಗೆದ್ದುಬಿಡುತ್ತಾನೆ.

ಪ್ರಶ್ನೆ: ಇದನ್ನು ಮಾತಿನ ಹಾಸ್ಯವೆನ್ನಲಾದೀತೆ? ಮೂಕಿಯಲ್ಲಿಯೂ ಬರಹದ ಫಲಕಗಳಿದ್ದವಲ್ಲ. ಈ ಪ್ರಸಂಗವನ್ನು ಅವುಗಳಿಂದಲೇ ನಡೆಸಬಹುದಿತ್ತು ಎಂದು ನನಗೆ ತೋರುತ್ತದೆ.

ಉತ್ತರ: ಕಥೆಯನ್ನು ನಡೆಸಬಹುದಿತ್ತು, ನಗೆಯನ್ನು ಉಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ಆಲಿ ಪ್ರತಿ ಬಾರಿ ಬಳಸುವ ಪದಗಳು ಹೆಚ್ಚುಕಡಿಮೆ ಅವೇ, ಬದಲಾಗುವುದು ದನಿ ಮಾತ್ರ. ಮೊದಲ ಸಲದ ನಯ ಎರಡನೆಯ ಸಲಕ್ಕೆ ಸ್ವಲ್ಪ ಬಿಗಿಯಾಗುತ್ತದೆ, ಮೂರನೆಯ ಸಲ ಹಲ್ಲುಕಚ್ಚಿಕೊಂಡ ನಯವಾಗುತ್ತದೆ. ಫಲಕದ ಮೇಲೆ ಬರೆದರೆ ಮೂರೂ ಒಂದೇ ವಾಕ್ಯ. ಪ್ರೇಕ್ಷಕ ಒಂದೇ ವಾಕ್ಯವನ್ನು ಮೂರು ಬಾರಿ ಓದಬೇಕಾಗುತ್ತಿತ್ತು, ಪ್ರತಿ ಬಾರಿಯೂ ನಟನ ಮುಖ ಮರೆಯಾಗಿ ಅಕ್ಷರಗಳು ಬರುತ್ತಿದ್ದವು. ಸ್ಟ್ಯಾನ್‌ನ ಉತ್ತರ ಪ್ರಶ್ನೆಯ ಬೆನ್ನಿಗೇ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಬರುವುದರಲ್ಲಿಯೇ ಸ್ವಾರಸ್ಯವಿರುವುದರಿಂದ, ನಡುವೆ ಒಂದು ಫಲಕ ಬಂದರೂ ಆಟ ಕೆಡುತ್ತದೆ.

ಇದನ್ನು ಆ ಜೋಡಿ ಎಷ್ಟು ಬೇಗ ಅರ್ಥಮಾಡಿಕೊಂಡಿತು ಎಂಬುದು ನನಗೆ ಈಗಲೂ ಅಚ್ಚರಿಯ ಸಂಗತಿ. ಅವರ ಮೊದಲ ವಾಕ್ಚಿತ್ರ ‘ಅನ್‌ಅಕಸ್ಟಮ್ಡ್ ಆಸ್ ವಿ ಆರ್’ ಬಿಡುಗಡೆಯಾದದ್ದು ಅದೇ ವರ್ಷದ ಮೇ ತಿಂಗಳಿನಲ್ಲಿ. ‘ಮೆನ್ ಓ ವಾರ್’ ಮೂರನೆಯದು. ಲಾರೆಲ್ ಇಂಗ್ಲೆಂಡಿನ ಅಲ್ವರ್‌ಸ್ಟನ್ ಎಂಬ ಊರಿನಲ್ಲಿ 1890ರಲ್ಲಿ ಹುಟ್ಟಿ, ಅಲ್ಲಿನ ರಂಗಮಂದಿರಗಳ ಹಾಸ್ಯದಲ್ಲಿ ಪಳಗಿದವರು. ಹಾರ್ಡಿ ಜಾರ್ಜಿಯಾ ರಾಜ್ಯದ ಹಾರ್ಲೆಮ್‌ನಲ್ಲಿ 1892ರಲ್ಲಿ ಹುಟ್ಟಿದವರು, ಹಾಡುಗಾರರೂ ಹೌದು. ಇಬ್ಬರಿಗೂ ದನಿಯನ್ನು ಎತ್ತುವುದು ಇಳಿಸುವುದು ಹೊಸದಾಗಿರಲಿಲ್ಲ. ದಕ್ಷಿಣದ ರಾಜ್ಯಗಳ ಹಳೆಯ ಕಾಲದ ಸಭ್ಯತೆಯ ಛಾಯೆ ಹಾರ್ಡಿಯವರ ಮಾತಿನಲ್ಲಿದ್ದುದು, ಮೇಲೆ ಹೇಳಿದ ಉಪಚಾರದ ಹಾಸ್ಯಕ್ಕೆ ಹೇಳಿ ಮಾಡಿಸಿದಂತಾಯಿತು.

ಇನ್ನೊಂದು ಮಾತು. ರೋಚ್ ಸ್ಟುಡಿಯೋದವರು ಚಿತ್ರಗಳನ್ನು ಬಿಡುಗಡೆಗೆ ಮೊದಲು ಜನರ ಮುಂದೆ ಪರೀಕ್ಷೆಗೆ ತೋರಿಸುತ್ತಿದ್ದರು. ಎಲ್ಲಿ ಎಷ್ಟು ಹೊತ್ತು ನಗು ಏಳುತ್ತದೆ ಎಂಬುದನ್ನು ಗಮನಿಸಿ, ಮುಂದಿನ ಮಾತು ನಗೆಯಲ್ಲಿ ಮುಳುಗದಂತೆ ಸಂಕಲನವನ್ನು ಹೊಂದಿಸಿಕೊಳ್ಳುತ್ತಿದ್ದರು. ಮೂಕಿಯ ಕಾಲದಲ್ಲಿ ಈ ತೊಂದರೆಯೇ ಇರಲಿಲ್ಲ. ಇಂದು ಮನೆಯಲ್ಲಿ ಒಬ್ಬರೇ ಕುಳಿತು ನೋಡುವಾಗ ಆ ಕಾಲದ ಚಿತ್ರಗಳಲ್ಲಿ ಕೆಲವು ವಿರಾಮಗಳು ಉದ್ದವಾದುವೆನಿಸುವುದು, ಅವು ತುಂಬಿದ ಚಿತ್ರಮಂದಿರದ ನಗೆಗಾಗಿ ಬಿಟ್ಟ ಜಾಗಗಳು ಎಂಬ ಕಾರಣದಿಂದ.

ಪ್ರಶ್ನೆ: ಚಿತ್ರದಲ್ಲಿ ಹಿನ್ನೆಲೆ ಸಂಗೀತ ಇಲ್ಲವೆಂಬಷ್ಟು ಕಡಿಮೆ. ಏಕೆ?

ಉತ್ತರ: 1929ರಲ್ಲಿ ಬೇರೆ ಬೇರೆಯಾಗಿ ಮುದ್ರಿಸಿದ ಮಾತು ಮತ್ತು ಸಂಗೀತವನ್ನು ಅನಂತರ ಒಂದಾಗಿ ಬೆರೆಸುವ ಕೆಲಸ ಸುಲಭವಾಗಿರಲಿಲ್ಲ, ಬೆರೆಸಿದಷ್ಟೂ ಶಬ್ದದ ಗುಣ ಕುಗ್ಗುತ್ತಿತ್ತು. ಮಾತು ಸ್ಪಷ್ಟವಾಗಿ ಕೇಳಬೇಕೆಂದರೆ ಸಂಗೀತವನ್ನು ಬಿಡುವುದೇ ಸುರಕ್ಷಿತವಾದ ದಾರಿಯಾಗಿತ್ತು. ಕ್ಯಾಮೆರಾದ ಮೋಟಾರಿನ ಸದ್ದು ಮೈಕಿಗೆ ಬೀಳದಂತೆ ಅದನ್ನು ದಪ್ಪ ಗೋಡೆಯ ಗೂಡಿನೊಳಗೆ ಕೂರಿಸಿ, ಗಾಜಿನ ಮೂಲಕ ಚಿತ್ರೀಕರಿಸುವ ಪದ್ಧತಿ ಆಗ ಹಾಲಿವುಡ್‌ನಲ್ಲಿ ಸಾಮಾನ್ಯವಾಗಿತ್ತು. ಗೂಡಿನೊಳಗೆ ಕುಳಿತ ಛಾಯಾಗ್ರಾಹಕ ಸೆಕೆಯಲ್ಲಿ ಬೇಯುತ್ತಿದ್ದರೂ ಅದಕ್ಕೆ ‘ಐಸ್ ಬಾಕ್ಸ್’ ಎಂದೇ ಹೆಸರು. ಇಂಥ ಕಾಲದಲ್ಲಿ ಉದ್ಯಾನವನದ ಬಯಲಿಗೆ ಹೋಗಿ ಮಾತಿನ ಚಿತ್ರ ಮಾಡಿದ ರೋಚ್ ತಂಡದ ಧೈರ್ಯವನ್ನು ಮೆಚ್ಚಲೇಬೇಕು.

ಆ ದಿನಗಳ ಹಲವು ಚಿತ್ರಗಳಲ್ಲಿ ಶಬ್ದವಿದ್ದದ್ದು ಫಿಲ್ಮಿನ ಅಂಚಿನಲ್ಲಲ್ಲ, 16 ಇಂಚು ವ್ಯಾಸದ, ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗುವ ಪ್ರತ್ಯೇಕ ತಟ್ಟೆಗಳಲ್ಲಿ. ಒಂದು ರೀಲಿಗೆ ಒಂದು ತಟ್ಟೆ. ಪ್ರಕ್ಷೇಪಕ ನಡೆಸುವವನು ಫಿಲ್ಮಿನ ಆರಂಭದ ಗುರುತನ್ನೂ ತಟ್ಟೆಯ ಗುರುತನ್ನೂ ಸರಿಯಾಗಿ ಹೊಂದಿಸಿ ಎರಡನ್ನೂ ಒಟ್ಟಿಗೆ ಹೊರಡಿಸಬೇಕಿತ್ತು. ನಡುವೆ ಫಿಲ್ಮು ಹರಿದರೆ, ಕಳೆದುಹೋದ ಚೌಕಟ್ಟುಗಳಷ್ಟೇ ಕಪ್ಪು ಚೌಕಟ್ಟುಗಳನ್ನು ಎಣಿಸಿ ಅಂಟಿಸದಿದ್ದರೆ ಒಬ್ಬರ ತುಟಿ ಅಲುಗಾಡುವಾಗ ಇನ್ನೊಬ್ಬರ ಮಾತು ಕೇಳಿಬರುತ್ತಿತ್ತು. ತಟ್ಟೆ ಕಳೆದುಹೋದರಂತೂ ಚಿತ್ರ ಮೂಕವಾಗುತ್ತಿತ್ತು. ಈ ಜೋಡಿಯ ಮೊದಲ ವಾಕ್ಚಿತ್ರಕ್ಕೆ ಆದದ್ದು ಅದೇ. ತಟ್ಟೆಗಳು ಮತ್ತೆ ಸಿಗುವವರೆಗೆ ಹಲವು ದಶಕಗಳ ಕಾಲ ಅದನ್ನು ಜನ ದನಿಯಿಲ್ಲದೆಯೇ ನೋಡಬೇಕಾಯಿತು.

ಪ್ರಶ್ನೆ: ಹಾಸ್ಯ ಚಿತ್ರಗಳವರಿಗೆ ನೌಕಾಪಡೆಯ ನಾವಿಕನ ಮೇಲೆಯೇ ಅಷ್ಟೇಕೆ ಪ್ರೀತಿ? ಅಲ್ಲದೆ ನಾವಿಕರೆಂದರೆ ಮದ್ಯದಂಗಡಿ ನೆನಪಾಗುತ್ತದೆ. ಇವರು ಸೋಡಾ ಅಂಗಡಿಗೆ ಹೋಗುವುದು ವಿಚಿತ್ರವಲ್ಲವೆ?

ಉತ್ತರ: ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದರ ಹಿಂದೆ ಒಂದು ಇತಿಹಾಸವಿದೆ. ಸಂಯುಕ್ತ ಸಂಸ್ಥಾನದಲ್ಲಿ 1920ರ ಜನವರಿಯಿಂದ 1933ರ ಡಿಸೆಂಬರಿನವರೆಗೆ ಪಾನನಿಷೇಧ ಜಾರಿಯಲ್ಲಿತ್ತು. 1929ರ ನಾವಿಕ ಹುಡುಗಿಯೊಬ್ಬಳನ್ನು ಎಲ್ಲಿಗಾದರೂ ಬಹಿರಂಗವಾಗಿ ಕರೆದೊಯ್ಯಬೇಕೆಂದಿದ್ದರೆ ಕಾನೂನಿನ ಒಳಗಿದ್ದ ಜಾಗವೆಂದರೆ ಸೋಡಾ ಅಂಗಡಿಯೇ. ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ನೌಕಾಪಡೆ ದೇಶಕ್ಕಿಂತಲೂ ಮೊದಲೇ ಒಣಗಿತ್ತು. ಸಾಮಾನ್ಯ ನಾವಿಕರಿಗೆ ದಿನವೂ ಸಿಗುತ್ತಿದ್ದ ಮದ್ಯದ ಪಾಲು 1862ರಲ್ಲಿಯೇ ರದ್ದಾಗಿತ್ತು. ಅಧಿಕಾರಿಗಳ ಭೋಜನಕೂಟದಲ್ಲಿ ಉಳಿದಿದ್ದ ವೈನನ್ನು ಕೂಡ ನೌಕಾ ಸಚಿವರಾಗಿದ್ದ ಜೋಸೆಫಸ್ ಡೇನಿಯಲ್ಸ್ 1914ರ ಜುಲೈ 1ರಿಂದ ಹಡಗಿನಿಂದ ಇಳಿಸಿದರು. ಆದ್ದರಿಂದ ಆಲಿ ಮತ್ತು ಸ್ಟ್ಯಾನ್ ಸೋಡಾ ಕುಡಿಯುವುದು ವಿಚಿತ್ರವಲ್ಲ, ಕಾಲಕ್ಕೆ ತಕ್ಕ ವಾಸ್ತವ.

ಇನ್ನು ನಾವಿಕನ ಮೇಲಿನ ಪ್ರೀತಿ. ಹಾಸ್ಯ ಬರೆಯುವವನಿಗೆ ಬೇಕಾದುದೆಲ್ಲವೂ ಆ ಪಾತ್ರದಲ್ಲಿ ಸಿದ್ಧವಾಗಿಯೇ ಇರುತ್ತದೆ. ಅವನಿಗೆ ದಡಕ್ಕಿಳಿಯಲು ಸಿಗುವ ಬಿಡುವು ಚಿಕ್ಕದು, ಸಂಜೆಯೊಳಗೆ ಹಡಗಿಗೆ ಮರಳಬೇಕು. ಆದ್ದರಿಂದ ಕಥೆಗೆ ಅವಸರ ತಾನಾಗಿಯೇ ಬರುತ್ತದೆ. ಅವನ ಜೇಬು ಬಹುಮಟ್ಟಿಗೆ ಖಾಲಿ. ಆ ಕಾಲದಲ್ಲಿ ಹೊಸದಾಗಿ ಸೇರಿದವನಿಗೆ ತಿಂಗಳಿಗೆ 21 ಡಾಲರ್ ಮೂಲವೇತನವಿತ್ತು. ಮೈಮೇಲೆ ಮಾತ್ರ ಎಲ್ಲರ ಕಣ್ಣೂ ಬೀಳುವಂಥ ಸಮವಸ್ತ್ರ: ಮಡಿಸಿದ ಅಂಚಿನ ಬಿಳಿ ಟೋಪಿ, ಬೆನ್ನಿಗೆ ಇಳಿಬಿದ್ದ ಚೌಕಾಕಾರದ ಕಾಲರು, ಪಾದದ ಬಳಿ ಅಗಲವಾಗುವ ಪ್ಯಾಂಟು. ಉಡುಪು ಶೂರನದು, ಸಂಬಳ ಬಡವನದು. ಇವೆರಡರ ನಡುವಿನ ಅಂತರದಲ್ಲಿಯೇ ಮುಕ್ಕಾಲು ಪಾಲು ನಾವಿಕ ಹಾಸ್ಯಗಳು ಹುಟ್ಟಿವೆ, 15 ಸೆಂಟಿನ ಲೆಕ್ಕವೂ ಸೇರಿದಂತೆ.

ಲಾರೆಲ್ ಮತ್ತು ಹಾರ್ಡಿಯವರಿಗೆ ಇದರಿಂದ ಇನ್ನೂ ಒಂದು ಅನುಕೂಲವಾಯಿತು. ಅವರ ಎಂದಿನ ದುಂಡು ಟೋಪಿ ಮತ್ತು ಸೂಟು, ಬಡವರಾದರೂ ಸಭ್ಯಸ್ಥರೆಂದು ತೋರಿಸಿಕೊಳ್ಳುವವರ ವೇಷ. ನೌಕಾಪಡೆಯ ಉಡುಪಿನಲ್ಲಿ ಇಬ್ಬರೂ ಸರಿಸಮಾನರು, ಒಂದೇ ದರ್ಜೆಯವರು. ಹಾಗಿದ್ದರೂ ಆಲಿ ತಾನೇ ಮೇಲಧಿಕಾರಿ ಎಂಬಂತೆ ನಡೆದುಕೊಳ್ಳುವುದೂ, ಸ್ಟ್ಯಾನ್ ಅದನ್ನು ಪ್ರಶ್ನಿಸದೆ ಒಪ್ಪಿಕೊಳ್ಳುವುದೂ ಸಮವಸ್ತ್ರದಿಂದಾಗಿಯೇ ಇನ್ನಷ್ಟು ಎದ್ದು ಕಾಣುತ್ತವೆ.

ಪ್ರಶ್ನೆ: ನನಗೆ ಸೋಡಾಕ್ಕಿಂತ ದೋಣಿಯ ಪ್ರಸಂಗವೇ ಮೇಲೆನಿಸುತ್ತದೆ. ವಿಮರ್ಶಕರು ಅದನ್ನು ಏಕೆ ಕಡೆಗಣಿಸುತ್ತಾರೆ?

ಉತ್ತರ: ನಾನೂ ಮೇಲಿನ ಉತ್ತರಗಳಲ್ಲಿ ಅದೇ ತಪ್ಪನ್ನು ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಗೆದ್ದ ಹಣದಿಂದ ದೋಣಿಯೊಂದನ್ನು ಬಾಡಿಗೆಗೆ ಪಡೆಯುವ ನಾವಿಕರಿಗೆ ಹುಟ್ಟು ಹಾಕಲು ಬರುವುದಿಲ್ಲ ಎಂಬುದು ಆ ಭಾಗದ ಮೂಲ ವಿನೋದ. ಒಬ್ಬನು ಒಂದು ಕಡೆಗೆ ಎಳೆದರೆ ಇನ್ನೊಬ್ಬನು ಮತ್ತೊಂದು ಕಡೆಗೆ ಎಳೆಯುತ್ತಾನೆ, ದೋಣಿ ಇದ್ದಲ್ಲಿಯೇ ಗಿರಕಿ ಹೊಡೆಯುತ್ತದೆ. ಅದು ಇತರ ದೋಣಿಗಳಿಗೆ ಡಿಕ್ಕಿ ಹೊಡೆಯುತ್ತದೆ. ಒಬ್ಬನು ನೀರಿಗೆ ಬೀಳುತ್ತಾನೆ, ಎದ್ದು ಬಂದು ಸೇಡು ತೀರಿಸುತ್ತಾನೆ. ಆಸನದ ಮೆತ್ತೆಗಳು ಆಯುಧಗಳಾಗುತ್ತವೆ. ಸಿಟ್ಟಿಗೆದ್ದವರು ಒಬ್ಬೊಬ್ಬರಾಗಿ ಇವರ ದೋಣಿಗೇ ಹತ್ತಿಕೊಂಡು ಜಗಳ ಮುಂದುವರಿಸುತ್ತಾರೆ, ಕೊನೆಗೆ ಆ ಭಾರಕ್ಕೆ ದೋಣಿ ಸಾವಕಾಶವಾಗಿ ಮುಳುಗುತ್ತದೆ. ಇಡೀ ಚಿತ್ರದಲ್ಲಿ ಇವರ ಅಧೀನಕ್ಕೆ ಬರುವ ‘ಯುದ್ಧನೌಕೆ’ ಅದೊಂದೇ.

ಈ ಭಾಗವನ್ನು ದನಿ ನಿಲ್ಲಿಸಿ ನೋಡಿದರೂ ಹೆಚ್ಚೇನೂ ನಷ್ಟವಾಗುವುದಿಲ್ಲ. ಇದು ‘ಟೂ ಟಾರ್ಸ್’ನ ಕಾರುಗಳ ಕಾಳಗವನ್ನು ನೀರಿಗಿಳಿಸಿದಂತಿದೆ: ಒಬ್ಬನು ಏಟು ಕೊಡುವಾಗ ಇನ್ನೊಬ್ಬನು ತಡೆಯದೆ ನಿಂತು ನೋಡುವುದು, ಅನಂತರ ತನ್ನ ಸರದಿಯನ್ನು ಪಡೆಯುವುದು. ಹೀಗಾಗಿ 20 ನಿಮಿಷದ ಒಂದೇ ಚಿತ್ರದಲ್ಲಿ ಮೊದಲರ್ಧ ಹೊಸ ಕಾಲದ್ದು, ಎರಡನೆಯ ಅರ್ಧ ಹಿಂದಿನ ವರ್ಷದ್ದು. ವಿಮರ್ಶಕರು ಹೊಸತನ್ನು ಹುಡುಕುವ ಭರದಲ್ಲಿ ಮೊದಲರ್ಧಕ್ಕೆ ವಾಲುತ್ತಾರೆ. ನಗೆಯ ಲೆಕ್ಕದಲ್ಲಿ ತಮ್ಮ ಮಾತೇ ಗೆದ್ದರೂ ನಾನು ಜಗಳಕ್ಕೆ ಬರುವುದಿಲ್ಲ.

ಇದರ ಚಿತ್ರೀಕರಣ ನಡೆದದ್ದು ಲಾಸ್ ಏಂಜಲೀಸ್ ನಗರದ ಬಾಯ್ಲ್ ಹೈಟ್ಸ್ ಭಾಗದಲ್ಲಿರುವ ಹಾಲೆನ್‌ಬೆಕ್ ಪಾರ್ಕಿನ ಕೆರೆಯಲ್ಲಿ. ಕೆರೆ ಇಂದಿಗೂ ಇದೆ. ಆದರೆ ಅನಂತರದ ದಿನಗಳಲ್ಲಿ ಅದರ ಒಂದು ಬದಿಯಲ್ಲಿ ಹೆದ್ದಾರಿಯ ಮೇಲ್ಸೇತುವೆ ಹಾದುಹೋಗಿ, ಚಿತ್ರದಲ್ಲಿ ಕಾಣುವ ಪ್ರಶಾಂತತೆ ಅಲ್ಲಿ ಉಳಿದಿಲ್ಲ.

ಪ್ರಶ್ನೆ: ಮಕ್ಕಳೊಂದಿಗೆ ನೋಡಬಹುದೇ? ಆರಂಭದಲ್ಲಿ ಒಳಉಡುಪಿನ ಕುರಿತು ಏನೋ ದ್ವಂದ್ವಾರ್ಥವಿದೆಯೆಂದು ಕೇಳಿದ್ದೇನೆ.

ಉತ್ತರ: ಧಾರಾಳವಾಗಿ ನೋಡಬಹುದು. ಯುವತಿಯೊಬ್ಬಳು ಕೈಗವಸುಗಳನ್ನು ಕಳೆದುಕೊಂಡಿರುತ್ತಾಳೆ. ನಾವಿಕರಿಗೆ ಯಾರದೋ ಬಟ್ಟೆಯ ಗಂಟಿನಿಂದ ಬಿದ್ದ ಹೆಂಗಸರ ಒಳಚಡ್ಡಿ ಸಿಕ್ಕಿರುತ್ತದೆ. ಆಕೆ ತನ್ನ ಕೈಗವಸುಗಳನ್ನು ವರ್ಣಿಸಿದಂತೆಲ್ಲ ಇವರು ಇನ್ನೊಂದನ್ನು ಊಹಿಸಿಕೊಂಡು ನಾಚುತ್ತಾರೆ. ಮಕ್ಕಳಿಗೆ ಅದು ಬರಿಯ ತಪ್ಪುಗ್ರಹಿಕೆಯಾಗಿ ಕಾಣುತ್ತದೆ. ಹಾಲಿವುಡ್‌ನ ನಿರ್ಮಾಪಕರ ಸಂಘ ನೀತಿಸಂಹಿತೆಯನ್ನು ಅಂಗೀಕರಿಸಿದ್ದು 1930ರಲ್ಲಿ, ಅದನ್ನು ಬಿಗಿಯಾಗಿ ಜಾರಿಗೆ ತಂದದ್ದು 1934ರಲ್ಲಿ; ಈ ಚಿತ್ರ ಎರಡಕ್ಕೂ ಮೊದಲಿನದು.

ಪ್ರಶ್ನೆ: ಮಾತಿಗೆ ಇಷ್ಟು ಬೆಲೆಯಿದ್ದರೆ, ಇಂಗ್ಲಿಷ್ ಬಾರದ ದೇಶಗಳಲ್ಲಿ ಈ ಜೋಡಿ ಹೇಗೆ ಜನಪ್ರಿಯವಾಯಿತು?

ಉತ್ತರ: ಧ್ವನಿಯಂತ್ರವಿಲ್ಲದ ಚಿತ್ರಮಂದಿರಗಳಿಗಾಗಿ 1929ರ ವಾಕ್ಚಿತ್ರಗಳನ್ನು ಬರಹದ ಫಲಕಗಳೊಡನೆ ಮೂಕಿ ರೂಪದಲ್ಲಿಯೂ ಹಂಚುವ ರೂಢಿಯಿತ್ತು. ಮುಂದಿನ ಒಂದೆರಡು ವರ್ಷ ರೋಚ್ ಅವರು ಇನ್ನೊಂದು ದುಬಾರಿ ಪ್ರಯೋಗವನ್ನು ಮಾಡಿದರು: ಕೆಲವು ಚಿತ್ರಗಳನ್ನು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳಲ್ಲಿ ಹೊಸದಾಗಿಯೇ ಚಿತ್ರಿಸಿದರು. ಲಾರೆಲ್, ಹಾರ್ಡಿ ಇಬ್ಬರಿಗೂ ಆ ಭಾಷೆಗಳು ಬರುತ್ತಿರಲಿಲ್ಲ. ಕ್ಯಾಮೆರಾದ ಆಚೆ ಕಪ್ಪು ಹಲಗೆಯ ಮೇಲೆ ಉಚ್ಚಾರಣೆಯಂತೆ ಬರೆದುಕೊಟ್ಟ ಮಾತುಗಳನ್ನು ನೋಡಿಕೊಂಡು ಒಪ್ಪಿಸುತ್ತಿದ್ದರು. ಆ ವಿಲಕ್ಷಣ ಉಚ್ಚಾರಣೆಯೇ ಆಯಾ ದೇಶದ ಪ್ರೇಕ್ಷಕರಿಗೆ ಇನ್ನೊಂದು ನಗೆಯಾಯಿತು. ಇಟಲಿಯಲ್ಲಿ ಅನಂತರ ಧ್ವನಿ ಕೊಟ್ಟ ಕಲಾವಿದರೂ ಬೇಕೆಂದೇ ಇಂಗ್ಲಿಷರ ಧಾಟಿಯಲ್ಲಿ ಮಾತನಾಡಿದರು.

ಪ್ರಶ್ನೆ: ಇದೇ ಬಗೆಯ ಇತರ ನಾವಿಕ ಹಾಸ್ಯಗಳನ್ನು ಸೂಚಿಸಿ.

ಉತ್ತರ: ಮೂಕಿಯಿಂದ ಆರಂಭಿಸುವುದಾದರೆ ಹೆರಾಲ್ಡ್ ಲಾಯ್ಡ್ ಅವರ 1921ರ ‘ಎ ಸೈಲರ್-ಮೇಡ್ ಮ್ಯಾನ್’, ಸೋಮಾರಿ ಸಿರಿವಂತನೊಬ್ಬ ಹುಡುಗಿಯನ್ನು ಒಲಿಸಲು ನೌಕಾಪಡೆ ಸೇರುವ ಕಥೆ. ವಾಕ್ಚಿತ್ರಗಳಲ್ಲಿ, ಅಗಲ ಬಾಯಿಯ ಜೋ ಇ. ಬ್ರೌನ್ ನಟಿಸಿದ 1933ರ ‘ಸನ್ ಆಫ್ ಎ ಸೈಲರ್’ ಇದೆ. ಅದೇ ವರ್ಷ ಪಾಪಾಯ್ ಎಂಬ ಕಾರ್ಟೂನ್ ನಾವಿಕನೂ ಫ್ಲೈಶರ್ ಸ್ಟುಡಿಯೋದ ಮೂಲಕ ತೆರೆಗೆ ಬಂದ. ಪತ್ರಿಕೆಯ ಚಿತ್ರಪಟ್ಟಿಯಲ್ಲಿ ಅವನು ಹುಟ್ಟಿದ್ದು 1929ರ ಜನವರಿಯಲ್ಲಿ.

ಹಾಡು-ಕುಣಿತವೂ ಬೇಕೆನ್ನುವವರು 1936ರ ‘ಫಾಲೋ ದ ಫ್ಲೀಟ್’ ನೋಡಬೇಕು. ಫ್ರೆಡ್ ಆಸ್ಟೇರ್ ಅಲ್ಲಿ ಚೂಯಿಂಗ್ ಗಮ್ ಜಗಿಯುವ ನಾವಿಕ, ಜಿಂಜರ್ ರಾಜರ್ಸ್ ಅವನ ಹಳೆಯ ಜೊತೆಗಾತಿ, ಹಾಡುಗಳು ಅರ್ವಿಂಗ್ ಬರ್ಲಿನ್ ಅವರವು. ಅದರ ಮೂಲ 1922ರ ‘ಶೋರ್ ಲೀವ್’ ಎಂಬ ನಾಟಕ. ಅದೇ ನಾಟಕ 1925ರಲ್ಲಿ ಮೂಕಿ ಚಿತ್ರವಾಗಿತ್ತು, 1927ರಲ್ಲಿ ‘ಹಿಟ್ ದ ಡೆಕ್’ ಎಂಬ ಸಂಗೀತ ನಾಟಕವಾಗಿತ್ತು, 1930ರಲ್ಲಿ ಆರ್‌ಕೆಓ ಸಂಸ್ಥೆ ಆ ಸಂಗೀತ ನಾಟಕವನ್ನು ಜ್ಯಾಕ್ ಓಕಿ ಮತ್ತು ಪಾಲಿ ವಾಕರ್ ಅವರೊಡನೆ ವಾಕ್ಚಿತ್ರವಾಗಿಸಿತ್ತು. ಕೆಲವು ದೃಶ್ಯಗಳು ಟೆಕ್ನಿಕಲರ್‌ನಲ್ಲಿದ್ದ ಆ ಚಿತ್ರವನ್ನು ಮಾತ್ರ ಹುಡುಕುವ ಶ್ರಮ ಬೇಡ. ಅದರ ಒಂದು ಪ್ರತಿಯೂ ಉಳಿದಿಲ್ಲವೆಂದೇ ಪರಿಗಣಿಸಲಾಗಿದೆ.